ಹೊಸ್ತಿಲ ಮೇಲಿನ ಸೇರು

ಕೋಳಿ ಮತ್ತೆ ಬಂತು, ಅದೇ ಕೆಂಪು ಕೋಳಿ, ಕುತ್ತಿಗೆಯ ಗರಿ ಉದುರಿದ್ದು, ಪಕ್ಕದ ಮನೆಯ ಜಾಹೇದಾ ಸಾಕಿದ್ದು, ಜಾಹೇದಾಳ ಹಾಗೆಯೇ ಯಾರ ಮನೆಯನ್ನೂ ಪರರ ಮನೆ ಅಂದುಕೊಳ್ಳದ್ದು — ಹೊಸ್ತಿಲ ಮೇಲಿಟ್ಟ ಸೇರನ್ನು ಒಂದೇ ಕಣ್ಣಿನಲ್ಲಿ ಅಳೆಯುತ್ತ ಕತ್ತು ಓರೆ ಮಾಡಿ ನಿಂತಿತು. ಹುಶ್ ಅನ್ನಬೇಕು, ಆದರೆ ಇಂದ್ರಾಬಾಯಿಯ ಎರಡೂ ಕೈಯಲ್ಲಿ ಆರತಿಯ ತಟ್ಟೆ, ದೀಪ ಅಲುಗಬಾರದು, ಅತ್ತೆಯಾದವಳು ಮದುಮಗಳ ಮುಂದೆ ಕೋಳಿ ಓಡಿಸುತ್ತ ನಿಂತರೆ ನಾಳೆ ಅವಳ ತವರು ಸನಮಡಿಯ ತುಂಬ ಅದೇ ಸುದ್ದಿ, ಸನಮಡಿಯವರ ಬಾಯಿ ಅವಳಿಗೆ ಗೊತ್ತಿಲ್ಲದ್ದೇ, ತಾನೇ ಆ ಊರಿನ ಮಗಳು. ಹಿತ್ತಾಳೆಯ ಸೇರು, ಅಂಚು ಮೀರಿ ತುಂಬಿದ ಬಿಳಿಜೋಳ, ಒಂದು ಕಾಳು ಜಾರಿ ಕಲ್ಲಿನ ಮೇಲೆ ಬಿದ್ದಿದೆ, ಅದರಾಚೆ ಹಸಿರು ಸೀರೆಯ ಅಂಚು, ಅದರ ಕೆಳಗೆ ಅರಿಸಿನ ಹಚ್ಚಿದ ಬಲಗಾಲು, ಹೊಸ ಕಾಲುಂಗುರ. ಕಾಜಲ್. ಬಾಸಿಂಗ ಓರೆಯಾಗಿದೆ, ಸನಮಡಿಯಿಂದ ಉಟಗಿಯವರೆಗೆ ಜೀಪಿನಲ್ಲಿ ಕುಲುಕಾಡಿ ಬಂದರೆ ಯಾರ ಬಾಸಿಂಗ ನೆಟ್ಟಗಿರುತ್ತದೆ, ಪಕ್ಕದಲ್ಲಿ ಮಗ ಕಲ್ಮೇಶ, ಹೆಂಡತಿಯ ಸೆರಗಿಗೆ ಶಲ್ಯ ಗಂಟು ಹಾಕಿಸಿಕೊಂಡು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನಿಂತಿದ್ದಾನೆ, ದಿನಾ ಜತ್ತಿಗೆ ಜೀಪು ಹೊಡೆಯುವವನು ಇವತ್ತು ಮತ್ತೊಬ್ಬನ ಜೀಪಿನಲ್ಲಿ ಹಿಂದೆ ಕೂತು ಬಂದಿದ್ದಾನೆ. ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತವಳು ಮಗಳು ದಾಕ್ಷಾಯಣಿ, ತಮ್ಮನ ಮದುವೆಗೆಂದು ಮಿರಜದಿಂದ ಬಂದವಳು, ಹೆಸರ ಹೇಳವಾ, ಗಂಡನ ಹೆಸರ ಹೇಳಿ ಒಳಗ ಬಾ, ಇಲ್ಲಾಂದ್ರ ನಾ ಕೈ ತಗಿಯಾಂಗಿಲ್ಲ. ಓಣಿಯ ಹೆಂಗಸರೆಲ್ಲ ನಕ್ಕರು. ಇಂದ್ರಾಬಾಯಿ ನಗಲಿಲ್ಲ, ನಗುವ ಹೊತ್ತಲ್ಲ ಇದು, ತಾನು ಏನು ಕೇಳಿಸಿಕೊಳ್ಳಲು ಕಿವಿ ತೆರೆದು ನಿಂತಿದ್ದೇನೆ ಅನ್ನುವುದು ಅವಳೊಬ್ಬಳಿಗೇ ಗೊತ್ತು — ಈ ಹುಡುಗಿ ಗಂಡನ ಹೆಸರನ್ನು ಕನ್ನಡದಲ್ಲಿ ಹೇಳುತ್ತಾಳೋ, ಮರಾಠಿಯಲ್ಲಿ ಹೇಳುತ್ತಾಳೋ.

ಸುಮ್ಮನೆ ಕಲ್ಮೇಶ ಅಂದುಬಿಟ್ಟರೆ ಆಗುವುದಿಲ್ಲ, ಒಡಪು ಹಚ್ಚಿ ಹೇಳಬೇಕು, ಹಾಡಿನಂಥ ನಾಲ್ಕು ಸಾಲು, ಕೊನೆಯ ಸಾಲಿನಲ್ಲಿ ಗಂಡನ ಹೆಸರು, ಹೇಳಿದ ಮೇಲೆ ಬಲಗಾಲಿನಿಂದ ಸೇರನ್ನು ಒದ್ದು, ಜೋಳ ಒಳಗೆ ಚೆಲ್ಲಿ, ಅದರ ಹಿಂದೆ ತಾನು ಬರಬೇಕು, ಕಾಳು ಮೊದಲು, ಸೊಸೆ ಆಮೇಲೆ. ಸನಮಡಿಯಲ್ಲೂ ಇದೇ ಪದ್ಧತಿ, ಅದು ಮರಾಠಿ ಊರು, ಅಲ್ಲಿ ಒಡಪಿಗೆ ಉಖಾಣಾ ಅನ್ನುತ್ತಾರೆ, ಸೇರಿಗೆ ಮಾಪ ಅನ್ನುತ್ತಾರೆ, ಅಕ್ಕಿ ತುಂಬುತ್ತಾರೆ, ಇಲ್ಲಿ ಜೋಳ, ಅಷ್ಟೇ ಫರಕು, ನಿನ್ನೆ ಹೂರಣ ರುಬ್ಬುವಾಗ ದಾಕ್ಷಾಯಣಿಯೂ ಅದನ್ನೇ ಅಂದಳು, ಯಾವ ಭಾಷಾದಾಗ ಹೇಳಿದ್ರೇನ ಯವ್ವಾ, ಹೆಸರ ಕಲ್ಮೇಶಂದೇ ಅಲ್ಲೇನ. ಹೌದು, ಹೆಸರು ಅವನದೇ, ಮನೆ ಯಾರದು? ಈ ಮನೆಗೆ ಈ ಮನೆಯದೇ ಒಂದು ಒಡಪಿದೆ, ಇಂದ್ರಾಬಾಯಿಯ ಅತ್ತೆ ಶಾಂತಾದೇವಿ ಅದನ್ನು ಹೇಳಿ ಒಳಗೆ ಬಂದಳು, ಇಂದ್ರಾಬಾಯಿ ಅದನ್ನೇ ಹೇಳಿ ಬಂದಳು, ಗಂಡನ ಹೆಸರು ಮಾತ್ರ ಬದಲಾಗುತ್ತದೆ, ಉಳಿದದ್ದು ಗೋಡೆಯ ಹಾಗೆ ನಿಂತಲ್ಲೇ ನಿಂತಿದೆ — ಉಟಗಿ ಊರಾಗ ಬೇವಿನ ನೆಳ್ಳ, ಸೇರಿನ ತುಂಬ ಬಿಳಿಯ ಜ್ವಾಳ, ಸರಿಸ್ರಿ ಕೈಯ ಬಿಡ್ರಿ ಬಾಗಲಾ, ಕಲ್ಮೇಶರ ಹೆಸರಿಗೆ ಇಡತೀನಿ ಬಲಗಾಲಾ. ಇಷ್ಟೇ, ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ, ನಾಲಿಗೆ ಹೊರಳಿದರೆ ಸಾಕು. ನಿಶ್ಚಯವಾದ ದಿನದಿಂದ ಕಲ್ಮೇಶನ ಫೋನಿನಲ್ಲಿ ಹೇಳಿ ಹೇಳಿ ಕಳಿಸಿದ್ದಾಳೆ, ವಾಟ್ಸಾಪಿನಲ್ಲಿ ದನಿ ಕಳಿಸುವುದನ್ನು ಮಗನೇ ತೋರಿಸಿದ, ಇದನ್ನ ಒತ್ತಿ ಹಿಡದ ಮಾತಾಡ, ಬಿಟ್ಟಿ ಅಂದ್ರ ಹೋಗತದ, ಅವಳು ಹಿತ್ತಲಲ್ಲಿ ಕೂತು, ಮೊರ ತೊಡೆಯ ಮೇಲಿಟ್ಟುಕೊಂಡು, ಒತ್ತಿ ಹಿಡಿದು ಮಾತಾಡಿದಳು, ಒಡಪಷ್ಟೇ ಅಲ್ಲ, ಊಟ ಆತೇನವಾ, ಇವತ್ತ ಬಿಸಲ ಭಾಳ ಅದ, ಜ್ವಾಳ ಹಸನ ಮಾಡಾಕತ್ತೀನಿ, ಏನು ತೋಚಿತೋ ಅದು, ಬೆರಳು ಯಾವಾಗ ಬಿಡಬೇಕೋ ಅದೂ ಮರೆತು. ಅತ್ತಲಿಂದ ಬರುವುದು ಪ್ರತಿ ಸಲವೂ ಒಂದೇ, ಒಂದು ಹಳದಿ ಹೆಬ್ಬೆರಳಿನ ಚಿತ್ರ. ಹೆಬ್ಬೆರಳಿಗೆ ಯಾವ ಭಾಷೆ! ಕೇಳಿದಳೋ ಇಲ್ಲವೋ, ಕಲಿತಳೋ ಇಲ್ಲವೋ, ಮಗನನ್ನು ಕೇಳಿದರೆ ನಕ್ಕು ಜೀಪಿನ ಗಾಜು ಒರೆಸುತ್ತಾನೆ, ಅವರಿಬ್ಬರೂ ಮಾತಾಡಿಕೊಳ್ಳುವುದು ಮರಾಠಿಯಲ್ಲಿ, ಅವಳಿಗೆ ಕೇಳಿಸಿದೆ, ಅಡ್ಡಿಯಿಲ್ಲ, ಗಂಡ ಹೆಂಡಿರ ಮಾತಿಗೆ ಅತ್ತೆ ಯಾಕೆ ಕಿವಿ ಕೊಡಬೇಕು. ಆದರೆ ಹೊಸ್ತಿಲು ಅವರಿಬ್ಬರದೇ ಅಲ್ಲ.

ಆ ಬಲಗಾಲು ನಡುಗುತ್ತಿದೆಯೇ, ಅಥವಾ ದೀಪದ ಬೆಳಕೇ ಹಾಗೆ ಕಾಣಿಸುತ್ತಿದೆಯೇ — ತನ್ನದಂತೂ ಅಂದು ನಡುಗಿತ್ತು, ಚೆನ್ನಾಗಿ ನೆನಪಿದೆ. ಇದೇ ಕಲ್ಲು, ಇದೇ ಸೇರು, ಆಗ ಹಿತ್ತಾಳೆಗೆ ಇನ್ನೂ ಹೊಳಪಿತ್ತು. ಎಸ್‌ಟಿ ಬಸ್ಸಿನಲ್ಲಿ ಬಾಸಿಂಗ ಕಟ್ಟಿಕೊಂಡೇ ಬಂದಿದ್ದರು, ಕಂಡಕ್ಟರ್ ಮದುಮಗನಿಗೆ ಕಿಟಕಿಯ ಸೀಟು ಕೊಟ್ಟು ಅವಳನ್ನು ನಿಲ್ಲಿಸಿದ್ದ, ದಾರಿಯುದ್ದಕ್ಕೂ ಅವಳು ತುಟಿಯೊಳಗೇ ಉಖಾಣಾ ಹೇಳಿಕೊಳ್ಳುತ್ತ ಬಂದಿದ್ದಳು, ಅವಳ ತಾಯಿ, ಅವಳ ಆಈ ಕಲಿಸಿದ್ದು, ಅದರಲ್ಲಿ ಪಂಢರಪುರ ಬರುತ್ತಿತ್ತು, ತುಳಸಿ ಬರುತ್ತಿತ್ತು, ಬೆಳ್ಳಿಯ ತಾಟು ಬರುತ್ತಿತ್ತು, ಕೊನೆಗೆ ಸೋಮನಿಂಗಪ್ಪ ಬರುತ್ತಿದ್ದ. ಬಾಗಿಲಲ್ಲಿ ಎಲ್ಲವನ್ನೂ ತಪ್ಪದೆ ಹೇಳಿದಳು, ಓಣಿಯವರು ಚಲೋ ಹೇಳಿದ್ಲು, ಚಲೋ ಹೇಳಿದ್ಲು ಅಂದರು, ಕಾಲೆತ್ತಿದಳು — ಶಾಂತಾದೇವಿಯ ಕೈ ಮಾತ್ರ ಬಾಗಿಲಿನಿಂದ ಇಳಿಯಲಿಲ್ಲ. ಸಿಟ್ಟಿಲ್ಲ, ನಗೆಯಿಲ್ಲ, ಜೋಳದ ರೊಟ್ಟಿ ತಟ್ಟಿ ತಟ್ಟಿ ಅಗಲವಾದ ಕೈ. ನಿಮ್ಮದ ಹೇಳಿದಿ, ಈಗ ನಮ್ಮದೂ ಒಂದ ಹೇಳವಾ ಅಂದಳಂತೆ, ಅಂದದ್ದು ಆಗ ಅರ್ಥವಾಗಲಿಲ್ಲ, ಆಮೇಲೆ ಬೇರೆಯವರು ಹೇಳಿದರು. ಕಿವಿಯ ಹತ್ತಿರ ಬಾಯಿ ತಂದು ಒಂದೊಂದೇ ಸಾಲು ಹೇಳಿಕೊಟ್ಟಳು, ಎಲೆಅಡಿಕೆಯ ವಾಸನೆ, ಕುಂಕುಮದ ವಾಸನೆ, ಉಟಗಿ ಊರಾಗ ಬೇವಿನ ನೆಳ್ಳ, ಇಂದ್ರಾಬಾಯಿ ಒಂದು ಶಬ್ದವೂ ತಿಳಿಯದೆ ಗಿಳಿಯ ಹಾಗೆ ಒಪ್ಪಿಸಿದಳು, ದನಿ ಗಂಟಲಲ್ಲೇ ಉಳಿಯಿತು, ಅದಕ್ಕೆ ಅತ್ತೆ ಕಿವಿಯಲ್ಲಿ ಅಂದಳು, ಅಂಜಬ್ಯಾಡವಾ, ಗಟ್ಟಿಯಾಗಿ ಹೇಳ — ಅದೂ ಒಡಪಿನದೇ ಸಾಲು ಅಂದುಕೊಂಡು ಇಂದ್ರಾಬಾಯಿ ಇದ್ದ ಜೀವವನ್ನೆಲ್ಲ ಗಂಟಲಿಗೆ ತಂದು ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು, ಅಂಜಬ್ಯಾಡವಾ, ಗಟ್ಟಿಯಾಗಿ ಹೇಳ! ದೇವರೇ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಬಾಜಾ ಬಜಂತ್ರಿಯವರು ಸನಾದಿ ಬಾಯಿಂದ ತೆಗೆದು ನಕ್ಕರು, ಬೆಳಗಿನಿಂದ ಮುಖ ಗಂಟು ಹಾಕಿಕೊಂಡಿದ್ದ ಮದುಮಗನೂ ನಕ್ಕ, ಅವನ ಹಲ್ಲನ್ನು ಅವಳು ಮೊದಲು ನೋಡಿದ್ದೇ ಆಗ. ಆಮೇಲೆ ಎಷ್ಟು ವರ್ಷ ಓಣಿಯ ಹುಡುಗರು ಅವಳ ಹಿಂದೆ ಅದನ್ನು ಕೂಗಿಕೊಂಡು ಓಡಿದರು, ಈಗಲೂ ಅದೇ ಓಣಿಯ ಶಿದ್ರಾಯನ ಹೆಂಡತಿ ನೀರಿನ ಸರದಿಯಲ್ಲಿ ಇವಳ ದನಿ ತಗ್ಗಿದರೆ ಸಾಕು, ಅಂಜಬ್ಯಾಡವಾ ಇಂದ್ರವ್ವಾ ಅನ್ನುತ್ತಾಳೆ. ಅನ್ನಲಿ. ಅದು ಅವಳ ಮೊದಲ ಕನ್ನಡ, ಮೊದಲ ಮಾತೇ ಅಂಥದ್ದಾದರೆ ಮುಂದೆ ಯಾರಿಗೆ ಅಂಜುವುದು, ಅವಳು ಅಂಜಲೂ ಇಲ್ಲ.

ಅಂಜಲಿಲ್ಲ, ಆದರೆ ಅತ್ತಳು, ಸುಳ್ಳು ಯಾಕೆ. ಉಪ್ಪು ಅನ್ನಲು ಬಾರದೆ ಸಪ್ಪೆ ಪಲ್ಯ ಉಂಡಳು, ಮೀಠ ಅಂದರೆ ಶಾಂತಾದೇವಿ ಸುಮ್ಮನೆ ಮುಖ ನೋಡುತ್ತಿದ್ದಳು, ಉಪ್ಪಿನ ಗಡಿಗೆಯನ್ನು ಬೆರಳಿನಿಂದ ಬಡಿದು, ಇದಕ್ಕೇನಂತಾರ? ಎಂದು ಕಾಯುತ್ತಿದ್ದಳು, ಉಪ್ಪು ಅನ್ನುವವರೆಗೂ ಮುಚ್ಚಳ ತೆಗೆಯುತ್ತಿರಲಿಲ್ಲ. ಮಾತು ಬೇಕೆಂದರೆ ಗೋಡೆಯಾಚೆ ಜಾಹೇದಾ ಇದ್ದಳು, ಅವಳೂ ಅದೇ ವರ್ಷ ಬಂದವಳು, ಗಂಡನ ಜೊತೆ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನನ್ನ ಬಾಯಾಗ ಮೂರ ಅದಾವ ಇಂದ್ರಕ್ಕಾ, ಒಂದಿನಾನೂ ಜಗಳ ಆಡಿಲ್ಲ ನೋಡ, ನಿನಗ ಎರಡಕ್ಕ ಇಷ್ಟ ತ್ರಾಸಾ? ಜಾಹೇದಾ ಒಂದೊಂದು ಶಬ್ದ ಗೋಡೆಯ ಮೇಲಿಂದ ದಾಟಿಸುತ್ತಿದ್ದಳು, ಕುಡುಗೋಲು, ಹಂಚು, ಕಸಬರಿಗೆ, ಒಲೆಗೆ ಕೆಂಡ ಕೇಳಿದರೆ ಅದರ ಹೆಸರು ಹೇಳಿದ ಮೇಲೇ ಕೆಂಡ. ಮತ್ತೆ ಆ ಜತ್ತಿನ ಸಂತೆ — ಈಗ ನೆನೆದರೂ ಮೈ ಉರಿಯುತ್ತದೆ, ನಗುವೂ ಬರುತ್ತದೆ. ಅತ್ತೆಯ ಜೊತೆ ತುಪ್ಪ ಮಾರಲು ಹೋಗಿದ್ದಳು, ಮೊದಲ ಸಲ, ಅಂಗಡಿಯವನು ತುಪ್ಪ ಮೂಸಿ ನೋಡಿ ಏನೋ ಕೊಂಕು ತೆಗೆದ, ಆಗ ಶಾಂತಾದೇವಿ ಬಾಯಿ ತೆಗೆದಳು ನೋಡು, ಮರಾಠಿ, ಎಂಥ ಮರಾಠಿ, ಇಂದ್ರಾಬಾಯಿಯ ಆಈಗೂ ಬಾರದ ಮರಾಠಿ, ಅಂಗಡಿಯವನ ಅಪ್ಪನಿಂದ ಹಿಡಿದು ಅವನ ತಕ್ಕಡಿಯವರೆಗೆ ಯಾವುದನ್ನೂ ಬಿಡದ ಮರಾಠಿ, ಅವನು ಬಾಯಿ ಮುಚ್ಚಿಕೊಂಡು ತೂಗಿದ. ಇಂದ್ರಾಬಾಯಿ ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟಳು. ಬರುತ್ತಿತ್ತು! ಮುದುಕಿಗೆ ಎಲ್ಲ ಬರುತ್ತಿತ್ತು! ತಾನು ಉಪ್ಪಿಗೆ ಅತ್ತದ್ದು, ಜ್ವರ ಬಂದು ಆಈ ಆಈ ಅಂದದ್ದು, ಹಿತ್ತಲಲ್ಲಿ ಒಬ್ಬಳೇ ಬಯ್ದುಕೊಂಡದ್ದು — ಅಯ್ಯೋ ಬಯ್ದದ್ದೂ ತಿಳಿದಿತ್ತು. ನಿಮಗ ಬರತಿತ್ತಲ್ರಿ ಅತ್ತಿ, ಯಾಕ ಹೇಳಲಿಲ್ರಿ, ಎಂದು ಅವಳು ಸಿಟ್ಟಿನಲ್ಲಿ ಕೇಳಿದ್ದು ಕನ್ನಡದಲ್ಲೇ, ಕೇಳಿಯಾದ ಮೇಲೆ ಅದು ಅವಳಿಗೇ ಹೊಳೆಯಿತು, ಶಾಂತಾದೇವಿ ನಡೆಯುತ್ತಲೇ ಅಂದಳು, ಹೇಳಿದ್ರ ನೀ ಇವತ್ತ ಹೀಂಗ ನನ್ನ ಕೂಡ ಜಗಳಾಡತಿದ್ದೇನ? ಬಜಾರಕ್ಕ ಅದು, ಮನಿಗೆ ಇದು, ನಡಿ, ಬಸ್ಸ ತಪ್ಪತದ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಚುರುಮುರಿ ತಿಂದರು.

ಮರಾಠಿಯ ಮೇಲೆ ಅವಳಿಗೇನು ಕೋಪ, ಆಈಯ ಭಾಷೆ ಅದು, ಕಾಲಿಗೆ ಮುಳ್ಳು ಚುಚ್ಚಿದರೆ ಈಗಲೂ ಬಾಯಿಗೆ ಬರುವುದು ಆಈ ಗ ಎಂದೇ, ಊರು ಮರಾಠಿ ರಾಜ್ಯದ್ದು, ಜತ್ತಿನಲ್ಲಿ ತಹಸೀಲಿಗೆ ಹೋದರೆ ಅದೇ, ದವಾಖಾನೆಯಲ್ಲಿ ಅದೇ, ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಬರೆದದ್ದೂ ಅದರಲ್ಲೇ, ಇರಲಿ, ಬೇಕು, ಮಕ್ಕಳು ಕಲಿಯಲಿ, ಚೆನ್ನಾಗಿ ಕಲಿಯಲಿ, ಕಲಿಯದೆ ಅನ್ನ ಹುಟ್ಟುವುದಿಲ್ಲ. ಅದನ್ನು ಉಳಿಸಲು ಯಾರೂ ಹೊಸ್ತಿಲಲ್ಲಿ ನಿಲ್ಲಬೇಕಾಗಿಲ್ಲ, ತಾನಾಗಿಯೇ ಬರುತ್ತದೆ, ಬಸ್ಸಿನಲ್ಲಿ ಬರುತ್ತದೆ, ಟೀವಿಯಲ್ಲಿ ಬರುತ್ತದೆ. ಕನ್ನಡ ಹಾಗಲ್ಲ, ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ಬರಬೇಕು, ಅದೂ ಅಡುಗೆಮನೆಯಲ್ಲಿ. ದಾಕ್ಷಾಯಣಿಯ ಮಗಳು ಮಿರಜದಿಂದ ಫೋನಿನಲ್ಲಿ ಮುಖ ತೋರಿಸಿ, ಆಜೀ, ಕಾಯ ಕರತೇಸ ಅನ್ನುತ್ತದೆ, ಏನು ಮಾಡಾಕತ್ತಿ ಅಂತ, ಇಂದ್ರಾಬಾಯಿಯ ನಾಲಿಗೆ ಇಳಿಜಾರಿನ ನೀರಿನ ಹಾಗೆ ಮರಾಠಿಗೆ ಹರಿದುಬಿಡುತ್ತದೆ, ಮಾತಾಡಿ ಫೋನು ಇಟ್ಟ ಮೇಲೆ ಹೊಳೆಯುತ್ತದೆ, ಈ ಮಗುವಿನ ಜೊತೆ ಒಂದೂ ಕನ್ನಡ ಮಾತಾಡಲಿಲ್ಲವಲ್ಲ, ಆ ಮಗುವಿಗೆ ಉಪ್ಪಿನ ಹೆಸರು ಗೊತ್ತಿಲ್ಲವಲ್ಲ. ದಾಕ್ಷಾಯಣಿಯನ್ನು ಬಯ್ಯುವುದೇನು, ಅವಳ ಅತ್ತೆಯ ಮನೆ ಮರಾಠಿ, ಅಲ್ಲಿಯ ಹೊಸ್ತಿಲು ಅಲ್ಲಿಯದು, ಅಲ್ಲಿ ಅವಳು ಚಂದದ ಉಖಾಣಾ ಹೇಳಿಯೇ ಒಳಗೆ ಹೋದಳು. ಆದರೆ ಇದು ಇಲ್ಲಿಯದು. ಕನ್ನಡ ಸಾಲೆಯ ಮಹಾಂತ ಮಾಸ್ತರ ಜೂನ್ ಬಂತೆಂದರೆ ಚಪ್ಪಲಿ ಸವೆಸಿಕೊಂಡು ಸಾಲೆಗೆ ಮಕ್ಕಳನ್ನು ಹುಡುಕಿ ಮನೆಮನೆ ತಿರುಗುತ್ತಾನೆ, ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಅನ್ನುತ್ತಾನೆ, ಅಕ್ಷರ ನಾ ಕಲಸ್ತೀನ್ರಿ ಅವ್ವಾರ, ಮಾತ ನೀವ ಕಲಿಸಿ ಕಳಸ್ರಿ, ಮಾತ ಇಲ್ಲದ ಹುಡುಗ್ರಿಗೆ ನಾ ಏನ ಬರಸ್ಲಿ. ಈ ಮನೆಯಲ್ಲಿ ಇನ್ನು ತೊಟ್ಟಿಲು ಕಟ್ಟುವುದು ಒಂದೇ ಕಡೆ, ಈ ಹುಡುಗಿಯ ಕೋಣೆಯಲ್ಲಿ, ತೊಟ್ಟಿಲ ಹತ್ತಿರ ಯಾವ ಮಾತು ಬಗ್ಗುತ್ತದೋ ಅದೇ ಈ ಮನೆಯ ಮಾತು, ಇಂದ್ರಾಬಾಯಿ ಎಷ್ಟು ದಿನ ಇರುತ್ತಾಳೆ, ಇದ್ದರೂ ತೊಟ್ಟಿಲು ತೂಗುವ ಕೈ ತಾಯಿಯದು. ಶಿದ್ರಾಯನ ಹೆಂಡತಿ ಅಂದೇ ಅಂದಿದ್ದಳು, ಕರ್ನಾಟಕದ ಕಡಿಂದ ಹೆಣ್ಣ ತರೂದ ಬಿಟ್ಟ ಸನಮಡಿಗೆ ಹೋದ್ಯಲ್ಲ, ಮುಗೀತ ಬಿಡ ನಿಮ್ಮನ್ಯಾಗ ಕನ್ನಡ. ಇಂದ್ರಾಬಾಯಿ ಸೊಂಟದ ಮೇಲೆ ಕೊಡ ಏರಿಸುತ್ತ ಹೇಳಿದ್ದಳು, ನಾ ಎಲ್ಲಿಂದ ಬಂದಾಕಿ? ಮುಗೀತೇನ? ಈ ಓಣಿಯಾಗ ನನ್ನಷ್ಟ ಕನ್ನಡದಾಗ ಬಯ್ಯಾಕಿ ಯಾರದಾಳ, ತೋರಸ ನೋಡೂನು. ನಿಜ, ಬಂದವಳೇ ಹಿಡಿದುಕೊಳ್ಳುತ್ತಾಳೆ, ಹುಟ್ಟಿದವರಿಗೆ ಅದು ಮನೆಯ ಗಾಳಿ, ಗಾಳಿಯನ್ನು ಯಾರು ನೋಡುತ್ತಾರೆ, ಬಂದವಳು ಒಂದೊಂದು ಶಬ್ದಕ್ಕೂ ಉಪವಾಸ ಬಿದ್ದು ಗಳಿಸಿರುತ್ತಾಳೆ, ಅದಕ್ಕೇ ಅವಳು ಸನಮಡಿಗೇ ಹೋದದ್ದು, ಗೊತ್ತಿದ್ದೇ ಹೋದದ್ದು. ಆ ದಿನ ಕೊಡ ಹೊತ್ತು ಬರುವಾಗ ಹೆಜ್ಜೆ ಗಟ್ಟಿಯಾಗಿತ್ತು.

ಈಗ ಸೇರು ಹೊಸ್ತಿಲ ಮೇಲಿದೆ, ಅಂಚು ಮೀರಿದ ಜೋಳ, ಒಂದು ಕಾಳೂ ಇನ್ನೂ ಒಳಗೆ ಬಂದಿಲ್ಲ. ಹುಡುಗಿ ತಲೆ ಎತ್ತುತ್ತಿಲ್ಲ. ಹೇಳವಾ, ಲಗೂನ ಹೇಳ ಅಂದರು ಯಾರೋ, ಕಟ್ಟೆಯ ಮೇಲಿಂದ ಅವರು — ಹೆಸರು ಹೇಳುವ ಹಾಗಿಲ್ಲ, ಒಡಪಿನಲ್ಲಿ ಬಿಟ್ಟು ಇಂದ್ರಾಬಾಯಿ ಗಂಡನ ಹೆಸರನ್ನು ಬಾಯಿಗೆ ತಂದವಳಲ್ಲ — ಕಟ್ಟೆಯ ಮೇಲಿಂದ ಅವರು, ಅನ್ನ ಆರಾಕತ್ತೇತಿ, ನಿಮ್ಮ ಹೆಸರ ಹೇಳೂದ ಒಂದ ಮುಗಸ್ರಿ, ಮಂದಿ ಹಸದಾರ ಎಂದು ಕೂಗಿದರು, ಅವರಿಗೆ ಯಾವಾಗಲೂ ಹೊಟ್ಟೆಯದೇ. ಹುಡುಗಿಯ ಜೊತೆಗೆ ಬಂದ ಚಿಕ್ಕಮ್ಮ ಹಿಂದಿನಿಂದ ಬಗ್ಗಿ ಮೆಲ್ಲಗೆ, ನಾವ ಘೇ ಗ ಪೋರಿ, ಹೆಸರು ಹೇಳೇ ಅಂತ ಮರಾಠಿಯಲ್ಲಿ, ಮತ್ತೆ ಒಂದು ಉಖಾಣಾದ ಮೊದಲ ಶಬ್ದ, ಇಂದ್ರಾಬಾಯಿಗೆ ಆ ಒಂದು ಶಬ್ದದಿಂದಲೇ ಇಡೀ ಉಖಾಣಾ ನೆನಪಾಯಿತು, ಅದೇ, ಪಂಢರಪುರದ್ದು, ತುಳಸಿಯದು, ಬೆಳ್ಳಿಯ ತಾಟಿನದು, ಅಯ್ಯೋ ಇನ್ನೂ ಅದನ್ನೇ ಹೇಳಿಕೊಡುತ್ತಾರಲ್ಲ ಸನಮಡಿಯಲ್ಲಿ, ಕಣ್ಣು ತುಂಬಿ ಬಂತು, ತನ್ನ ಆಈಯ ದನಿ, ಒಂದು ಗಳಿಗೆ ಅವಳಿಗೇ ಅನ್ನಿಸಿತು, ಹೇಳಲಿ, ಅದನ್ನೇ ಹೇಳಲಿ, ತಾನೂ ಜೊತೆಗೆ ಹೇಳಿಬಿಡುತ್ತೇನೆ. ದಾಕ್ಷಾಯಣಿ ತಾಯಿಯ ಮುಖ ನೋಡಿದಳು, ದನಿ ಇಳಿಸಿ, ಯವ್ವಾ, ಪಾಪ, ಬೆವತಾಳ ನೋಡ, ಮರಾಠಿನಾಗ ಹೇಳ್ಲಿ ಬಿಡ, ನಾ ಕೈ ತಗೀತೀನಿ. ಮಗಳ ಕೈ ಅರ್ಧ ಇಳಿದೇಬಿಟ್ಟಿತು. ಅರ್ಧ ಇಳಿದ ಕೈ, ತುಂಬಿದ ಸೇರು, ಎತ್ತದ ಕಾಲು. ಇಲ್ಲ ಅನ್ನಬೇಕು, ಹೂಂ ಅನ್ನಬೇಕು, ಆರತಿಯ ದೀಪಕ್ಕೆ ಇನ್ನಷ್ಟು ಎಣ್ಣೆ ಬೇಕು. ಅಷ್ಟರಲ್ಲಿ ಕಾಜಲ್ ಕಣ್ಣು ಮುಚ್ಚಿಕೊಂಡಳು, ಸಾಲೆಯಲ್ಲಿ ಪಾಠ ಒಪ್ಪಿಸುವವರು ಮುಚ್ಚಿಕೊಳ್ಳುವ ಹಾಗೆ.

ಉಟಗಿ ಊರಾಗ ಬೇವಿನ ನೆಳ್ಳ — ಯಾರು ಹೇಳಿದ್ದು, ಯಾರೋ ಹೆಂಗಸರು ಹೇಳಿಕೊಟ್ಟರೇ, ಇಲ್ಲ, ಹುಡುಗಿಯ ತುಟಿಯೇ ಅಲುಗಿದ್ದು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು, ಸಣ್ಣ ದನಿ, ಆದರೆ ರಾಗ ಇಂದ್ರಾಬಾಯಿಯದೇ, ಬೇವಿನ ಅನ್ನುವಲ್ಲಿ ಎಳೆಯುವ ಎಳೆತವೂ ಅವಳದೇ, ಸೇರಿನ ತುಂಬ ಬಿಳಿಯ ಜ್ವಾಳ, ಹೌದು ಮಗಳೇ, ಹೌದು, ಮುಂದೆ, ಸರಿಸ್ರಿ ಕೈಯ, ಎಂದು ಇಂದ್ರಾಬಾಯಿಯ ತುಟಿ ತಾನಾಗಿಯೇ ಆಡಿತು, ಆದರೆ ಹುಡುಗಿ ಅದನ್ನು ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡೇ, ಅದೇ ರಾಗದಲ್ಲಿ, ಒಂದು ಉಸಿರೂ ಬಿಡದೆ ಹೇಳಿದಳು — ಏ ಜಾಹೇದಾ, ನಿನ್ನ ಕೋಳಿ ಜ್ವಾಳಕ್ಕ ಬಾಯಿ ಹಾಕೇತಿ ನೋಡ, ಹೊಡಿಯವಾ ಅದನ್ನ, ಹುಶ್, ಹುಶ್! ಗುಂಪಿನಲ್ಲಿದ್ದ ಜಾಹೇದಾ ರೂಢಿಯಂತೆ, ಬಂದೆ ಇಂದ್ರಕ್ಕಾ, ಬಂದೆ, ಎಂದು ಮುಂದೆ ನುಗ್ಗಿದಳು, ನುಗ್ಗಿದರೆ ಕೋಳಿ ನಿಜವಾಗಿಯೂ ಸೇರಿಗೆ ಕೊಕ್ಕು ಹಾಕಿತ್ತು, ಸೆರಗಿನಿಂದ ಹೊಡೆದಳು, ಅದು ಕೊಕ್ಕೊಕ್ಕೋ ಎಂದು ಮದುಮಗನ ಕಾಲ ಸಂದಿಯಿಂದ ಪಾರಾಯಿತು, ಓಣಿ ಬಿದ್ದು ಬಿದ್ದು ನಕ್ಕಿತು. ಶಿದ್ರಾಯನ ಹೆಂಡತಿ ಗೋಡೆ ಹಿಡಿದು ಕೂತೇಬಿಟ್ಟಳು. ಇಂದ್ರಾಬಾಯಿಗೆ ನಗು ಬರಲಿಲ್ಲ, ಹಿತ್ತಲು ಕಣ್ಣ ಮುಂದೆ ಬಂತು, ಮೊರ, ಬಿಸಿಲು, ಒತ್ತಿ ಹಿಡಿದ ಬೆರಳು, ಒಡಪಿನ ನಡುವೆ ಈ ಹಾಳು ಕೋಳಿ, ಬೆರಳು ಬಿಡದೆಯೇ ಕೂಗಿದ್ದು, ಕೂಗಿ ಮತ್ತೆ ಒಡಪು ಮುಂದುವರಿಸಿದ್ದು, ಅದೆಲ್ಲ ಹೋಗಿದೆ ಸನಮಡಿಗೆ, ಈ ಹುಡುಗಿ ಅದೆಲ್ಲವನ್ನೂ ಕಲಿತಿದ್ದಾಳೆ, ಯಾವುದು ಒಡಪು ಯಾವುದು ಕೋಳಿ ಅಂತ ತಿಳಿಯದೆ, ತಿಳಿಯದಿದ್ದರೂ ಬಿಡದೆ, ಎಷ್ಟು ಸಲ ಕೇಳಿರಬೇಕು, ನೀರು ತರುವಾಗ, ಬಟ್ಟೆ ಒಗೆಯುವಾಗ, ಫೋನು ಕಿವಿಗೆ ಹಚ್ಚಿಕೊಂಡು, ಹುಶ್ ಅನ್ನುವುದನ್ನೂ ಬಿಡದೆ — ಹೆಬ್ಬೆರಳಿನ ಹಿಂದೆ ಇಷ್ಟೊಂದು ಇತ್ತು. ಅವಳಿಗೆ ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು.

ಹುಡುಗಿ ಕಣ್ಣು ತೆರೆದಳು. ನಗುವ ಬಾಯಿಗಳನ್ನೆಲ್ಲ ನೋಡಿದಳು, ಯಾಕೆ ನಗುತ್ತಾರೆ ಅಂತ ಅವಳಿಗೆ ತಿಳಿಯುವುದು ಹೇಗೆ, ಮುಖ ಕೆಂಪಾಯಿತು, ಕಣ್ಣಿನ ತುದಿಯಲ್ಲಿ ನೀರು, ಎತ್ತಲಿದ್ದ ಬಲಗಾಲು ಹಿಂದಕ್ಕೆ ಸರಿಯಿತು, ಸೀರೆಯಂಚಿನೊಳಗೆ ಹೋಯಿತು, ಸೇರು ಒಂಟಿಯಾಗಿ ಉಳಿಯಿತು, ಚುಕಲಂ ಕಾ, ತಪ್ಪಾಯಿತೇ ಎಂದು ಕಲ್ಮೇಶನನ್ನು ಕೇಳಿದಳು, ಇನ್ನು ಮರಾಠಿಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಳೆಂದರೆ ಮುಗಿಯಿತು, ಈ ನಗೆ ಅವಳ ಕಿವಿಯಲ್ಲಿ ಉಳಿದರೆ ಜನ್ಮದಲ್ಲಿ ಇನ್ನು ಬಾಯಿ ತೆರೆಯುವುದಿಲ್ಲ, ಹಾಗೆ ಬಾಯಿ ಮುಚ್ಚಿದವರನ್ನು ಇಂದ್ರಾಬಾಯಿ ನೋಡಿದ್ದಾಳೆ. ಆರತಿಯ ತಟ್ಟೆ ಜಾಹೇದಾಳ ಕೈಗೆ ಹೋಯಿತು, ಇದನ್ನ ಹಿಡಿ. ದಾಕ್ಷಾಯಣಿಯ ಕೈ ಸರಿಸಿದಳು, ಆ ಜಾಗದಲ್ಲಿ ತನ್ನ ಕೈ ಅಡ್ಡ ಇಟ್ಟಳು, ಅಗಲವಾದ ಕೈ, ಶಾಂತಾದೇವಿಯದೇ ಕೈ ಅನ್ನಬಹುದು, ಅಷ್ಟು ವರ್ಷ ಅದೇ ಹಿಟ್ಟು ತಟ್ಟಿದೆ. ಹೊಸ್ತಿಲಿನ ಮೇಲಿಂದ ಬಗ್ಗಿದಳು, ಬಾಸಿಂಗ ಕೆನ್ನೆಗೆ ಚುಚ್ಚಿತು, ಅರಿಸಿನದ ವಾಸನೆ, ಮಲ್ಲಿಗೆಯ ವಾಸನೆ, ಮರಾಠಿಯಲ್ಲಿ ಹೇಳಿದರೆ ಈ ಕ್ಷಣವೇ ತಿಳಿಯುತ್ತದೆ, ಘಾಬರೂ ನಕೋ ಬಾಳ, ಹೆದರಬೇಡ ಮಗುವೇ ಅಂದರೆ ಸಾಕು, ನಾಲಿಗೆಯ ತುದಿಯಲ್ಲೇ ಇದೆ, ಇಳಿಜಾರು, ನೀರು — ತಡೆದಳು. ಕಿವಿಯ ಹತ್ತಿರ, ಮೆಲ್ಲಗೆ, ಅಂದಳು: ಅಂಜಬ್ಯಾಡವಾ, ಗಟ್ಟಿಯಾಗಿ ಹೇಳ.

ಹುಡುಗಿ ಈ ದನಿಯನ್ನು ಬಲ್ಲಳು. ತಿಂಗಳುಗಟ್ಟಲೆ ಕಿವಿಗೆ ಹಚ್ಚಿಕೊಂಡ ದನಿ, ಅದು ಏನು ಹೇಳಿದರೂ ಹಿಂದೆ ಹೇಳಿ ರೂಢಿಯಾದ ದನಿ. ಮುಖ ಎತ್ತಿದಳು, ಉಸಿರೆಳೆದುಕೊಂಡಳು, ಓಣಿಗೆಲ್ಲ ಕೇಳುವ ಹಾಗೆ, ಕಟ್ಟೆಯವರೆಗೂ ಕೇಳುವ ಹಾಗೆ ಕೂಗಿದಳು — ಅಂಜಬ್ಯಾಡವಾ, ಗಟ್ಟಿಯಾಗಿ ಹೇಳ! ಈ ಸಲ ಯಾರೂ ನಗಲಿಲ್ಲ. ಶಿದ್ರಾಯನ ಹೆಂಡತಿ ತೆರೆದ ಬಾಯಿ ಮುಚ್ಚಲಿಲ್ಲ. ಕಟ್ಟೆಯ ಮೇಲೆ ಅವರು ಎದ್ದು ನಿಂತಿದ್ದಾರೆ, ಊಟ ಮರೆತು, ಮುದುಕರ ಹಲ್ಲು ಕಾಣುತ್ತಿದೆ, ಬಹಳ ವರ್ಷದ ಮೇಲೆ ಹಾಗೆ ಕಾಣುತ್ತಿದೆ, ಅಂದು ಕಂಡ ಹಾಗೆ. ಇಂದ್ರಾಬಾಯಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸುರಿಯಲಿ, ಒರೆಸಿಕೊಳ್ಳಲು ಕೈ ಖಾಲಿ ಇಲ್ಲ, ಒಂದು ಕೈ ಬಾಗಿಲ ಮೇಲಿದೆ, ಇನ್ನೊಂದು ಹುಡುಗಿಯ ಹೆಗಲ ಮೇಲೆ. ಹುಡುಗಿ ನಿಲ್ಲಲಿಲ್ಲ, ಬಿಟ್ಟ ಕಡೆಯಿಂದ ಹಿಡಿದಳು, ಸರಿಸ್ರಿ ಕೈಯ ಬಿಡ್ರಿ ಬಾಗಲಾ, ಸರಿಸಿದೆ ಮಗಳೇ, ಬಿಟ್ಟೆ, ಇಗೋ, ಕಲ್ಮೇಶರ ಹೆಸರಿಗೆ — ಸೀರೆಯ ಅಂಚು ಅಲುಗಿತು, ಅರಿಸಿನದ ಬಲಗಾಲು ಹೊರಗೆ ಬಂತು, ಏರಿತು, ಸೇರಿನ ಹಿತ್ತಾಳೆಗೆ ಬೆರಳು ತಾಗಿತು, ಕಾಲುಂಗುರ ಠಣ್ ಅಂದಿತು, ಸೇರು ಓಲಾಡಿ, ಉರುಳಿ, ಜೋಳ, ಬಿಳಿಜೋಳ, ಹೊಸ್ತಿಲು ದಾಟಿ ಒಳಗೆ, ಇಂದ್ರಾಬಾಯಿಯ ಕಾಲ ಬೆರಳಿನ ಸಂದಿಗೆ, ದೇವರ ಕೋಣೆಯ ಕಡೆಗೆ, ಅಡುಗೆಮನೆಯ ಕಡೆಗೆ, ಕಾಳು, ಇನ್ನೂ ಕಾಳು, ಉರುಳುತ್ತಲೇ ಒಳಗೆ —